ಪ್ರೂಫ್ ಮಾವನಿಗೆ ತೋರಿಸಬೇಕು

ದಿನಾ ಭದ್ರಾವತಿಯಿಂದ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ, ವಿನೋಬನಗರದ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ಅಲ್ಲಿ ಅಚ್ಚಾಗುವುದು ಹೆಚ್ಚಿನಂಶ ಮದುವೆ ಕಾಗದ. ನನಗೆ ಮೂಗಿನ ಮೇಲೇ ಕೋಪ. ಹೋದ ವರ್ಷ ಅದು ನಮ್ಮ ಟೈಪಿಂಗ್ ಅಕ್ಕನ ಮೇಲೆ ತಿರುಗಿತು.

ಅಕ್ಕ ಅಚ್ಚುಮೊಳೆ ಜೋಡಿಸುವ ಕಾಲದಿಂದ ಅಲ್ಲಿದ್ದವರು. ಫೈಲಿಗೆ ಹೆಸರಿಡುವುದರಲ್ಲಿ ಅವರದೇ ಒಂದು ಪದ್ಧತಿ. ಬರೀ ನಂಬರು ಹಾಕಿದರೆ ಯಾರ ಮನೆ ಮದುವೆ ಅಂತ ತಿಳಿಯುವುದು ಹೇಗೆ ಎನ್ನುತ್ತಿದ್ದರು. ಹಾಗಾಗಿ ‘ಹೊಳೆಹೊನ್ನೂರು ಅಕ್ಕಿ ಗಿರಣಿಯವರ ಎರಡನೇ ಮಗಳ ಮದುವೆ ಹುಡುಗ ಭದ್ರಾವತಿ ಅಜ್ಜನ ಹೆಸರು ಎಲ್ಲಕ್ಕಿಂತ ಮೇಲೆ ಬರಬೇಕು ಪ್ರೂಫ್ ಮಾವನಿಗೆ ತೋರಿಸಬೇಕು’ ಎಂದು ಇಡೀ ಸಂಸಾರವನ್ನೇ ಫೈಲಿನ ಹೆಸರಿನೊಳಗೆ ತುಂಬುತ್ತಿದ್ದರು.

ನಮ್ಮ ಫೈಲುಗಳೆಲ್ಲ ಇರುವುದು ಒಂದೇ ಸರ್ವರಿನಲ್ಲಿ. ಅದಕ್ಕೆ ನಾನು ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ಅದು ಆಗಾಗ ನಿಲ್ಲತೊಡಗಿತು, ಅದೂ ಅಕ್ಕ ಫೈಲ್ ಸೇವ್ ಮಾಡಿದಾಗಲೇ. ಅಕ್ಕ ಏನೋ ತಪ್ಪು ಒತ್ತುತ್ತಾರೆ ಎಂದು ಮಾಲೀಕರಿಗೆ ಹೇಳಿಯೇಬಿಟ್ಟೆ. ಸೋಮವಾರದಿಂದ ಅಕ್ಕ ಕಂಪ್ಯೂಟರ್ ಬಿಟ್ಟು ಕವರು ಅಂಟಿಸುವ ಮೇಜಿಗೆ ಹೋಗಬೇಕೆಂದು ತೀರ್ಮಾನವಾಯಿತು. ಅವರು ಕನ್ನಡಕ ಒರೆಸಿ ಡಬ್ಬಿಗಿಟ್ಟುಕೊಂಡರು.

ಶನಿವಾರ ಅವರು ರಜೆ ಹಾಕಿದರು. ಗಿರಣಿಯವರ ಕಾಗದ ನನ್ನ ಪಾಲಿಗೆ ಬಂತು. ಬೇರೆ ಹೆಸರು ಯೋಚಿಸಲು ಸೋಮಾರಿತನವಾಗಿ, ಅಕ್ಕ ಚೀಟಿಯಲ್ಲಿ ಬರೆದಿಟ್ಟದ್ದನ್ನೇ ಟೈಪ್ ಮಾಡಿ ಸೇವ್ ಮಾಡಿದೆ. ಸರ್ವರ್ ನಿಂತಿತು. ನನ್ನ ಕೈಯಲ್ಲೇ ನಿಂತಿತು. ಮತ್ತೆ ಶುರುಮಾಡಿ ಹೆಸರಿನ ಕೊನೆಯಿಂದ ಒಂದೊಂದೇ ಪದ ಕಿತ್ತು ನೋಡುತ್ತಾ ಬಂದೆ. ‘ಪ್ರೂಫ್ ಮಾವನಿಗೆ ತೋರಿಸಬೇಕು’ ಅಷ್ಟೂ ಹೋದಮೇಲೆ ಸರ್ವರ್ ನಿಲ್ಲದೆ ಫೈಲ್ ಸೇವ್ ಆಯಿತು.

ಸಾಫ್ಟ್‌ವೇರ್ ಬರೆದವರು ಹೆಸರಿಗೆಂದು ಇಷ್ಟೇ ಜಾಗ ಅಂತ ಇಟ್ಟಿದ್ದರು. ಇಂಗ್ಲಿಷಿನ ಅಕ್ಷರಕ್ಕಿಂತ ಕನ್ನಡದ್ದು ಹೆಚ್ಚು ಜಾಗ ಹಿಡಿಯುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ಒಂದು ಸೇರಿನ ಪಾತ್ರೆಗೆ ಎರಡು ಸೇರು ಅಕ್ಕಿ ಸುರಿದ ಹಾಗೆ ಹೆಚ್ಚಿನದು ಪಕ್ಕಕ್ಕೆ ಚೆಲ್ಲುತ್ತಿತ್ತು. ಪಕ್ಕದಲ್ಲಿದ್ದದ್ದು ಸರ್ವರ್ ಮುಂದೇನು ಮಾಡಬೇಕೆಂಬ ಅಪ್ಪಣೆ. ಕೆಟ್ಟವನೊಬ್ಬ ಲೆಕ್ಕ ಹಾಕಿ ಚೆಲ್ಲಿದರೆ ಅಲ್ಲಿ ತನ್ನದೇ ಅಪ್ಪಣೆ ಬರೆದು ಸರ್ವರನ್ನೇ ಕೈವಶ ಮಾಡಿಕೊಳ್ಳಬಹುದಿತ್ತು. ಇದಕ್ಕೆ ಬಫರ್ ಓವರ್‌ಫ್ಲೋ ಅನ್ನುತ್ತಾರೆ. ಖುಷಿಗೆ ಕುಣಿಯಬೇಕೆನ್ನಿಸಿತು, ಜೊತೆಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅವತ್ತೇ ಸಂಜೆ ವಿದ್ಯಾನಗರದ ಅವರ ಮನೆಗೆ ಹೋಗಿ, ತಪ್ಪಾಯಿತು ಎಂದೆ. ಅಕ್ಕ ಮಂಡಕ್ಕಿ ಕಲಸಿ ಕೊಟ್ಟು, ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ:

“ಅಲ್ಲ ಮಾರಾಯ್ತಿ, ಮಿಷನ್ ನಿಲ್ಲತ್ತೆ ಅಂತ ಮಾವನ್ನ ಬಿಡಕ್ಕಾಗತ್ತಾ? ಆಮೇಲೆ ಮದುವೇನೇ ನಿಲ್ಲತ್ತೆ.”

ನಕ್ಕೂ ನಕ್ಕೂ ಮಂಡಕ್ಕಿ ನೆತ್ತಿಗೇರಿತು. ಸೋಮವಾರ ಮಾಲೀಕರ ಮುಂದೆ ನನ್ನ ತಪ್ಪು ನಾನೇ ಒಪ್ಪಿಕೊಂಡೆ. ಅಕ್ಕ ತಮ್ಮ ಕುರ್ಚಿಗೆ ಬಂದರು. ಸಾಫ್ಟ್‌ವೇರಿನವರಿಗೆ ಬರೆದಾಗ, ದೋಷ ಕಂಡುಹಿಡಿದವರ ಹೆಸರು ಪ್ರಕಟಿಸುತ್ತೇವೆ, ಕಳಿಸಿ ಎಂದರು. ಅಕ್ಕನ ಹೆಸರು ಕಳಿಸಿದೆ.

ರಿಪೇರಿಯಾದ ಸಾಫ್ಟ್‌ವೇರ್ ಬಂದ ದಿನ, ಸಾಫ್ಟ್‌ವೇರಿನವರು ಪ್ರಕಟಿಸಿದ್ದ, ತಮ್ಮ ಹೆಸರಿದ್ದ ಪುಟವನ್ನು ಅಕ್ಕ ತಾವೇ ಸೇವ್ ಮಾಡಿದರು. ಫೈಲಿನ ಹೆಸರನ್ನು ಮೆಲ್ಲಗೆ ಟೈಪ್ ಮಾಡುತ್ತಿದ್ದರೆ ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ: ‘ಸರ್ವರ್ ನಿಲ್ಲಿಸುತ್ತಿದ್ದದ್ದು ನಾನೇ ಆದರೆ ತಪ್ಪು ನನ್ನದಲ್ಲ ಭದ್ರಾವತಿ ಹುಡುಗಿ ದೂರು ಹೇಳಿದಳು ಆಮೇಲೆ ಅವಳೇ ಮನೆಗೆ ಬಂದು ಮಂಡಕ್ಕಿ ತಿಂದು ಹೋದಳು ಒಳ್ಳೆಯವಳು ಮಾಲೀಕರಿಗೆ ತೋರಿಸಬೇಕು’.

ಸರ್ವರ್ ನಿಲ್ಲಲಿಲ್ಲ.