ತಕ್ಕಡಿ ಅಕ್ಕನ ಕೊನೆಯ ವಿಮಾನ

ಹತ್ತೊಂಬತ್ತು ಸೀಟಿನ ವಿಮಾನಕ್ಕೆ ಜನರನ್ನೂ ತೂಕ ಮಾಡಿಯೇ ಹತ್ತಿಸಬೇಕು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ ಕೌಂಟರಿನ ಹೆಂಗಸಿಗೆ ತಕ್ಕಡಿ ಅಕ್ಕ ಎಂದೇ ಹೆಸರು ಬಿದ್ದಿತ್ತು. ಗಂಡಸರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದರು, ಹಾಗೆ ಮಾಡಿದರೆ ತೂಕ ಇಳಿಯುತ್ತದೇನೋ ಎಂಬಂತೆ. ಟಿಕೆಟು ನೋಡುವವಳೂ ಅವಳೇ, ಪೆಟ್ಟಿಗೆ ಎತ್ತುವವಳೂ ಅವಳೇ.

ಕಂಪನಿ ಶುರುವಾದಾಗ ಇದ್ದದ್ದು ಒಬ್ಬ ಮಾಲೀಕ, ಎರಡು ವಿಮಾನ, ಒಂದಷ್ಟು ಅಂಚೆ ಚೀಲ. ಆಮೇಲೆ ದೊಡ್ಡ ಕಂಪನಿಯವರು ಬಂದು, ಸಣ್ಣ ಊರಿನ ಜನರನ್ನು ನಮ್ಮ ದೊಡ್ಡ ವಿಮಾನಕ್ಕೆ ತಂದು ಮುಟ್ಟಿಸಿ ಎಂದರು. ವಿಮಾನದ ಬಾಲಕ್ಕೂ ಅಕ್ಕನ ಯೂನಿಫಾರ್ಮಿಗೂ ಅವರ ಬಣ್ಣ ಬಂತು, ಸಂಬಳ ಮಾತ್ರ ಹಳೆಯದೇ ಉಳಿಯಿತು. ಮೇಲೆ ಥಳಕು, ಒಳಗೆ ಹುಳುಕು.

ಸೀಟು ಖಾಲಿಯಿದ್ದರೆ ನೌಕರರಿಗೆ ಪುಕ್ಕಟೆ ಪ್ರಯಾಣ. ತೂಕ ಹೆಚ್ಚಾದರೆ ಮೊದಲು ಇಳಿಯಬೇಕಾದವರೂ ಅವರೇ. ಹೀಗಾಗಿ ಅವಳಿಗೆ ತಂಗಿಯ ಮದುವೆ ತಪ್ಪಿತು, ಅಮ್ಮನ ಕೊನೆಯ ದಿನವೂ ತಪ್ಪಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಅವಳೇ, ಕೈಯೊಡ್ಡಿ ನಿಂತವಳೂ ಅವಳೇ.

ಈಗ ದೊಡ್ಡ ಕಂಪನಿ ಒಪ್ಪಂದ ಮುಗಿಸಿತ್ತು. ಆ ಮಧ್ಯಾಹ್ನದ್ದೇ ಕೊನೆಯ ವಿಮಾನ. ಮರುದಿನ ಬೆಳಿಗ್ಗೆ ದೂರದ ಪಟ್ಟಣದಲ್ಲಿ, ಗಂಡ ತೀರಿಹೋಗಿ ಒಂಟಿಯಾಗಿದ್ದ ತಂಗಿಗೆ ಹೃದಯದ ಆಪರೇಷನ್. ರಸ್ತೆ ಹಿಡಿದರೆ ಎರಡು ದಿನದ ದಾರಿ. "ಈ ಸಲ ಬಂದೇ ಬರ್ತೀನಿ ಕಣೆ" ಎಂದು ಅಕ್ಕ ಮಾತು ಕೊಟ್ಟಿದ್ದಳು. ಹದಿನೆಂಟು ಟಿಕೆಟು ಹೋಗಿದ್ದವು. ಉಳಿದ ಒಂದು ಸೀಟಿಗೆ ತನ್ನ ಹೆಸರು ಬರೆದುಕೊಂಡಳು.

ಬಿಸಿಲೇರಿತು. ಗಾಳಿ ಕಾದಷ್ಟೂ ವಿಮಾನ ಹೊರುವ ಭಾರ ಕಡಿಮೆ. ತನ್ನ ತೂಕವನ್ನೂ ಸೇರಿಸಿ ಕೂಡಿ ನೋಡಿದರೆ ನಲವತ್ತು ಕಿಲೋ ಹೆಚ್ಚು. ಮತ್ತೆ ಕೂಡಿದಳು, ಅಷ್ಟೇ ಬಂತು.

"ನಾಲ್ಕು ಪೆಟ್ಟಿಗೆ ಇಲ್ಲೇ ಬಿಟ್ಟು ನೀವು ಹತ್ತಿ ಅಕ್ಕ" ಎಂದ ಪೈಲಟ್. "ಇವತ್ತು ಯಾರು ಕೇಳ್ತಾರೆ?"

"ನಾಳೆ ಅದನ್ನ ಅವರಿಗೆ ಮುಟ್ಟಿಸೋಕೆ ವಿಮಾನ ಎಲ್ಲಿದೆಯಪ್ಪ?"

ಹಠಮಾರಿ ಹೆಂಗಸು. ಪರರ ಪೆಟ್ಟಿಗೆ ಹತ್ತಿಸಿ ತನ್ನ ಹೆಸರಿಗೆ ಗೀಟು ಹಾಕಿದಳು. ವಿಮಾನ ಹೋದ ಮೇಲೆ ಬೆಂಚಿನ ಮೇಲೆ ಕುಸಿದು ಕೂತಳು. ತಂಗಿಗೆ ಫೋನು ಮಾಡಿದಳು.

"ತೂಕ ಜಾಸ್ತಿಯಾಯ್ತು ಕಣೆ."

ತಂಗಿ ಬೈಯಲಿಲ್ಲ. "ಇರಲಿ ಬಿಡಕ್ಕ. ನಿಮ್ಮೋರು ಅಂತ ಯಾರ ಹೆಸರು ಬರೀಲಿ ಅಂತ ಆಸ್ಪತ್ರೇಲಿ ಕೇಳಿದ್ರು. ಪಕ್ಕದ ಮನೆಯವರ ಹೆಸರು ಕೊಟ್ಟಿದ್ದೀನಿ, ಮೊನ್ನೆನೇ."