ಗುಡಾಣದಲ್ಲಿದ್ದ ಗುಮ್ಮ

ಬಾಣಂತಿಯ ರವಿಕೆ ಒಗೆಯುವಾಗ ಒಂದು ವಾಸನೆ ಬರುತ್ತದೆ. ಒಡೆದ ಹಾಲು, ಬೆವರು, ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ ಎಲ್ಲ ಸೇರಿದ್ದು. ಅದನ್ನು ಅಮೃತದ ವಾಸನೆ ಅನ್ನುವವರಿದ್ದಾರೆ. ಅವರು ಒಗೆದಿರುವುದಿಲ್ಲ. ಹೋದ ವಾರ ಹಿತ್ತಿಲ ಕಲ್ಲಿನ ಮೇಲೆ ಮಗಳು ಜಯಳ ರವಿಕೆ ಕುಕ್ಕುತ್ತಿದ್ದೆ. ಒಳಗೆ ಅವಳು ಇಪ್ಪತ್ತು ದಿನದ ಕೂಸಿಗೆ ಹಾಲು ಕೊಡುತ್ತಿದ್ದಳು. ದೊಡ್ಡವಳು ಅಮ್ಮು, ಇನ್ನೂ ಮೂರು ತುಂಬಿಲ್ಲ, ಹೊಸ್ತಿಲ ಹತ್ತಿರ ಆಡುತ್ತಿತ್ತು. ಜಯಳ ದನಿ ಕೇಳಿಸಿತು.

"ಅಲ್ಲೇ ಕೂತ್ಕೋ ಅಮ್ಮು. ಎದ್ದು ಬಂದ್ರೆ ಗುಮ್ಮಂಗೆ ಕೊಟ್ಬುಡ್ತೀನಿ."

ನನ್ನ ಕೈ ನಿಂತುಹೋಯಿತು.

ಇದನ್ನು ಹೇಳದ ತಾಯಿ ಯಾರಿದ್ದಾಳೆ, ನೀವೇ ಹೇಳಿ. ಪೊಲೀಸಿಗೆ ಕೊಡ್ತೀನಿ, ಬುಡುಬುಡಿಕೆಯವನಿಗೆ ಕೊಡ್ತೀನಿ, ಗುಮ್ಮನಿಗೆ ಕೊಡ್ತೀನಿ. ಮಕ್ಕಳನ್ನು ಯಾರಿಗಾದರೂ ಕೊಡುವುದು ಬಿಟ್ಟರೆ ಹೆದರಿಸಲು ನಮಗೆ ಬೇರೆ ಮಾತೇ ಬರುವುದಿಲ್ಲ. ಆದರೆ ಜಯ ಬಂದಾಗಿನಿಂದ ನಾನು ಇನ್ನೊಂದನ್ನೂ ನೋಡುತ್ತಿದ್ದೆ. ಅಮ್ಮು ಹತ್ತಿರ ಬಂದರೆ ಸಾಕು, ಅವಳು ಕೂಸನ್ನು ಗೋಡೆ ಕಡೆಗೆ ತಿರುಗಿಸಿಕೊಳ್ಳುತ್ತಾಳೆ. ಹಗಲು ಹೊತ್ತು ಕಣ್ಣು ಮುಚ್ಚುವುದಿಲ್ಲ. ಮುಖ ಸುಟ್ಟ ಬದನೆಕಾಯಿಯಂತಾಗಿದೆ.

ಜಯ ಅಮ್ಮುವಿನಷ್ಟಿದ್ದಾಗ ನನ್ನ ಎದೆಗೆ ಎರಡು ತಿಂಗಳ ಶಿವು ಇದ್ದ. ಕುಂಬಾರಕೊಪ್ಪಲಿನ ಇದೇ ಮನೆ. ಆಗ ಎರಡು ಕೋಣೆ, ಮೇಲೆ ಹೆಂಚು. ಗಂಡ ಬನ್ನಿಮಂಟಪದ ಕಡೆ ಗ್ಯಾರೇಜಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನನ್ನವ್ವ ಒಂದು ತಿಂಗಳು ನೀರು ಹಾಕಿ ಊರಿಗೆ ಹೊರಟುಬಿಟ್ಟಳು. "ಮಗಳು ಕಾಯ್ತಾಳೆ, ರಾಗಿ ಕಾಯಲ್ಲ" ಅಂದಳು. ಅವಳದೂ ನ್ಯಾಯವೇ.

ಒಂದು ಎದೆ ಹಿಡಿದರೆ ಇನ್ನೊಂದು ಸೆರಗು ಹಿಡಿಯುತ್ತಿತ್ತು. ಶಿವುಗೆ ಹಾಲು ಇಳಿಯುವ ಹೊತ್ತಿಗೆ ಸರಿಯಾಗಿ ಜಯಳಿಗೆ ಬಾಯಾರಿಕೆ, ಉಚ್ಚೆ, ಹೊಟ್ಟೆನೋವು ಎಲ್ಲ ಒಟ್ಟಿಗೆ. ತಮ್ಮನ ಕಾಲು ಹಿಡಿದು ಎಳೆಯುತ್ತಿದ್ದಳು. ಒಂದು ದಿನ ಕಚ್ಚಿಯೂ ಬಿಟ್ಟಳು. ನಾನು ಹೊಡೆಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ನಿದ್ದೆಯಂತೂ ಇರಲೇ ಇಲ್ಲ. ಅನ್ನಕ್ಕೆ ಎಸರಿಟ್ಟು ಅಕ್ಕಿ ಹಾಕುವುದನ್ನೇ ಮರೆಯುತ್ತಿದ್ದೆ. ಒಮ್ಮೆ ಸಾರಿಗೆ ಉಪ್ಪಿನ ಬದಲು ಸೋಪಿನ ಪುಡಿ ಹಾಕಿದೆ. ಗಂಡ ಒಂದು ತುತ್ತು ತಿಂದು, "ಹೊಸಾ ಥರ ಮಾಡಿದೀಯಾ" ಅಂದರು, ಅಷ್ಟೆ.

ಮೂಲೆಯಲ್ಲಿ ಅತ್ತೆಯ ಕಾಲದ ಗುಡಾಣವಿತ್ತು. ರಾಗಿ ತುಂಬುವ ದೊಡ್ಡ ಮಣ್ಣಿನ ಮಡಕೆ, ನನ್ನ ಸೊಂಟದೆತ್ತರ, ಮೊರ ಮುಚ್ಚುವಷ್ಟು ಬಾಯಿ. ರಾಗಿ ಮುಗಿದ ಮೇಲೆ ಅದರೊಳಗೆ ಹಳೇ ಬಟ್ಟೆ ತುರುಕಿದ್ದೆ, ಒಳಮೈಗೆ ಹೊಟ್ಟಿನ ಧೂಳು ಹಾಗೇ ಅಂಟಿತ್ತು. ಹೊಟ್ಟೆಗೆ ತಟ್ಟಿದರೆ ಗುಮ್ ಅನ್ನುತ್ತಿತ್ತು. ನನಗೆ ಅಷ್ಟೇ ಸಾಕಾಯಿತು. ಒಂದು ಸಲ ತಟ್ಟಿ ತೋರಿಸಿ, "ಕೇಳುಸ್ತಾ? ಅದರೊಳಗೆ ಗುಮ್ಮ ಐತೆ. ಪಾಪು ಹಾಲು ಕುಡಿಯೋವಾಗ ಎದ್ದು ಬಂದ್ರೆ ನಿನ್ನ ಅದಕ್ಕೆ ಕೊಟ್ಬುಡ್ತೀನಿ" ಅಂದೆ.

ಎರಡು ದಿನ ಮನೆ ತಣ್ಣಗಿತ್ತು. ಮೂರನೆಯ ದಿನದಿಂದ ಜಯ ನನಗೆ ಬೆನ್ನು ಮಾಡಿ ಗುಡಾಣಕ್ಕೆ ಕೆನ್ನೆ ಒತ್ತಿ ಕೂರತೊಡಗಿದಳು. ತಟ್ಟುವುದು, ಕೇಳುವುದು, ಪಿಸುಗುಟ್ಟುವುದು. ತನ್ನ ದೋಸೆಯಲ್ಲಿ ಒಂದು ಚೂರು ಮುರಿದು ಅದರ ಬುಡದಲ್ಲಿಡುವುದು. "ಏನಂತೆ ಕಣೇ ನಿನ್ ಗುಮ್ಮ?" ಅಂತ ಕೇಳಿದರೆ ತಿರುಗದೆಯೇ, "ನಿಂಗ್ ಹೇಳ್ಬಾರ್ದಂತೆ" ಅಂದಳು.

ಪಕ್ಕದ ಮನೆ ನಿಂಗಮ್ಮ ಇಣುಕಿ ನೋಡಿ ಗಲ್ಲಕ್ಕೆ ಕೈ ಇಟ್ಟುಕೊಂಡಳು. "ಏನಮ್ಮಿ ಇದು, ಕೂಸು ಮಡಕೆ ತಾವ ಮಾತಾಡ್ತದೆ! ಒಂದು ಕಬ್ಬಿಣದ ಚೂರಾದ್ರೂ ಹಾಕು ಅದರೊಳ್ಗೆ."

"ಮಾತಾಡ್ಕೊಳ್ಲಿ ಬುಡಕ್ಕಾ. ಅಷ್ಟೊತ್ತು ನನ್ನ ಜೀವ ತಿನ್ನಲ್ಲ" ಅಂದೆ.

ಆಮೇಲೆ ಆ ಮಧ್ಯಾಹ್ನ. ಹೆಂಚಿನ ಗಾಜಿನಿಂದ ಬಿಸಿಲು ನೇರ ನೆಲಕ್ಕೆ ಬಿದ್ದಿತ್ತು. ಬೀದಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಗೋಡೆಗೊರಗಿ ಶಿವುಗೆ ಎಡಗಡೆ ಕುಡಿಸಿದ್ದು ನೆನಪಿದೆ. ಬಲಗಡೆಗೆ ಹಾಕಿಕೊಂಡದ್ದು ನೆನಪಿಲ್ಲ. ಕಣ್ಣು ಬಿಟ್ಟಾಗ ಅದೇ ಗೋಡೆ, ಅದೇ ಚಕ್ಕಳಮಕ್ಕಳ. ರವಿಕೆಯ ಹುಕ್ಕು ಎಲ್ಲ ಹಾಕಿತ್ತು. ಮಡಿಲು ಖಾಲಿ.

ಜಯ ಗುಡಾಣದ ಪಕ್ಕದಲ್ಲಿ ನಿಂತಿದ್ದಳು. ಗುಡಾಣದ ಕಡೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮೊರವನ್ನು ತೆಗೆದು ಗೋಡೆಗೆ ಒಪ್ಪವಾಗಿ ಒರಗಿಸಿತ್ತು. ಓಡಿಹೋಗಿ ಬಗ್ಗಿದೆ. ಒಳಗೆ ಹಳೇ ಬಟ್ಟೆಯ ಮೇಲೆ ಶಿವು ಮುಷ್ಟಿ ಬಿಗಿದುಕೊಂಡು ನಿದ್ದೆ ಮಾಡುತ್ತಿದ್ದ. ಒಂದು ಗೀರೂ ಇರಲಿಲ್ಲ. ಎತ್ತಿಕೊಂಡ ಮೇಲೇ ಅತ್ತದ್ದು.

"ಯಾರೇ ಹಾಕಿದ್ದು?"

"ನಾನ್ ಕೊಟ್ಟೆ. ಅದು ಈಸ್ಕೊಂತು."

ಅವತ್ತು ಹೊಡೆದ ಹಾಗೆ ಆ ಮಗುವನ್ನು ನಾನು ಮತ್ತೆಂದೂ ಹೊಡೆಯಲಿಲ್ಲ. ಮರುದಿನವೇ ಗಂಡನಿಗೆ ಹೇಳಿ ಗುಡಾಣ ಹೊರಗೆ ಹಾಕಿಸಿದೆ. ಮಾತನ್ನು ಹೊರಗೆ ಹಾಕುವುದಕ್ಕಾಗಲಿಲ್ಲ. "ತಮ್ಮನ್ನ ಗುಡಾಣಕ್ಕೆ ಹಾಕಿದ ಗಟ್ಟಿಗಿತ್ತಿ" ಅಂತ ಮದುವೆ ಮನೆಗಳಲ್ಲಿ ನಕ್ಕರು. ಹಿನಕಲ್ಲಿನಿಂದ ಹೆಣ್ಣು ನೋಡಲು ಬಂದವರಿಗೂ ಹೇಳಿ ನಕ್ಕರು. ನಾನೂ ನಕ್ಕೆ. ಎರಡೂವರೆ ವರ್ಷದ ಹುಡುಗಿ, ತನ್ನ ತಲೆ ಮಟ್ಟದ ಮಡಕೆಯ ತಳಕ್ಕೆ ಒಂದು ಕೂಸನ್ನು ನೋವಾಗದಂತೆ ಹೇಗೆ ಇಳಿಸಿದಳು ಅಂತ ಯಾರೂ ಕೇಳಲಿಲ್ಲ. ಕೇಳದಿದ್ದರೆ ಸಾಕಪ್ಪಾ ಅಂತ ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಹೋದ ವಾರ ಒದ್ದೆ ಕೈಯಲ್ಲೇ ಒಳಗೆ ಹೋದೆ. ಅಮ್ಮು ಹೊಸ್ತಿಲಲ್ಲೇ ಇತ್ತು. "ಅವ್ಳನ್ನ ಹಂಗೆ ಯಾಕೇ ಹೆದರಿಸ್ತೀಯಾ?" ಅಂದೆ.

ಜಯಳ ಕಣ್ಣು ತುಂಬಿತು. "ಇನ್ನೇನ್ ಮಾಡ್ಲಮ್ಮ? ನಾನು ಅಷ್ಟಿದ್ದಾಗ ಏನ್ ಮಾಡ್ದೆ ಅಂತ ಎಲ್ರೂ ಹೇಳಲ್ವಾ? ಅವ್ಳು ನನ್ ಹೊಟ್ಟೇಲಿ ಹುಟ್ಟಿದೋಳು. ನಾನು ಕಣ್ಮುಚ್ಚಿದ್ರೆ ಕೂಸಿಗೆ ಏನ್ ಮಾಡ್ತಾಳೋ."

ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ. ಬಂದಿದ್ದರೆ ಹೋದ ವಾರವೂ ಸುಳ್ಳು ಹೇಳುತ್ತಿದ್ದೆನೋ ಏನೋ. ಹೇಳಿಬಿಟ್ಟೆ. ಆ ಮಧ್ಯಾಹ್ನ ಕಣ್ಣು ಬಿಟ್ಟಾಗ, ಗುಡಾಣದ ಹತ್ತಿರ ಹೋಗುವ ಮೊದಲೇ, ಮಗುವನ್ನು ಎತ್ತುವ ಮೊದಲೇ, ನನ್ನ ಎರಡು ಕೈಗೂ ತೋಳಿನವರೆಗೆ ರಾಗಿ ಹೊಟ್ಟಿನ ಧೂಳಿತ್ತು.

ಜಯ ನನ್ನ ಒದ್ದೆ ಕೈಗಳನ್ನೇ ನೋಡಿದಳು. "ಹಂಗಾದ್ರೆ ಈಸ್ಕೊಂಡಿದ್ದು ನೀನು."

"ನಾನೇ ಇರ್ಬೇಕು. ನಂಗ್ ನೆಪ್ಪಿಲ್ಲ ಕಣೇ. ನಿದ್ದೆಗೆಟ್ಟಿದ್ದೆ."

"ನನ್ನ ಹೊಡ್ದಲ್ಲಮ್ಮ."

"ಹೊಡ್ದೆ."

ಕ್ಷಮಿಸು ಅಂತೆಲ್ಲ ಅನ್ನುವುದು ನಮ್ಮಲ್ಲಿಲ್ಲ. ಅವಳೂ ಕೇಳಲಿಲ್ಲ. ಕೂಸಿನ ಬಾಯಿಂದ ಎದೆ ಜಾರಿತು, ಅವಳಿಗೆ ಅದೂ ಗೊತ್ತಾಗಲಿಲ್ಲ. ತಡೆದು ತಡೆದು, "ನಂಗೂ ಒಂದೊಂದ್ ಸಲ ಮಗು ಎಲ್ಲಿಟ್ಟೆ ಅಂತ ಮರ್ತೋಗುತ್ತೆ" ಅಂದಳು. ನಾನು ಸೆರಗಿಗೆ ಕೈ ಒರೆಸಿಕೊಂಡು ಚಾಚಿದೆ.

"ಅದಕ್ಕೇ ಮಲಕ್ಕೋ. ಕೂಸು ಕೊಡಿಲ್ಲಿ."

ಕೊಡುವ ಮೊದಲು ನನ್ನ ಕಣ್ಣನ್ನೇ ನೋಡಿದಳು, ಎಚ್ಚರವಾಗಿದ್ದೀನಾ ಅಂತ. ನೋಡಲಿ. ಅವಳ ಜಾಗದಲ್ಲಿ ನಾನಿದ್ದರೂ ನೋಡುತ್ತಿದ್ದೆ. ಆಮೇಲೆ ಕೊಟ್ಟಳು. ಗೋಡೆ ಕಡೆ ತಿರುಗಿದವಳು ಉಸಿರು ಎರಡು ಸಲ ಎಳೆಯುವುದರೊಳಗೆ ನಿದ್ದೆ ಹೋದಳು.

ಹೊಸ್ತಿಲಲ್ಲಿ ಅಮ್ಮು ಇನ್ನೂ ಹಾಗೇ ಕೂತಿತ್ತು, ಕಾಲು ಒಳಗಿಡದೆ.

"ಅಜ್ಜೀ, ಗುಮ್ಮ ಒಳ್ಗಿದ್ಯಾ?"

ಕೂಸನ್ನು ಒಂದು ತೋಳಿಗೆ ಹಾಕಿಕೊಂಡು ನನ್ನ ತೊಡೆ ತಟ್ಟಿದೆ.

"ಇದೆ ಬಾ," ಅಂದೆ. "ಬಂದು ಅದರ ತೊಡೆ ಮೇಲೆ ಕೂತ್ಕೋ."