ಯಾರ ಬಾಗಿಲಲ್ಲಿ ಕೂರಲಿ

ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಮಂಡಿ ಮೊಹಲ್ಲಾದಲ್ಲಿ, ಜೈಲಿನ ಹತ್ತಿರದ ಟೀ ಅಂಗಡಿಯಲ್ಲಿ ಕುಳಿತಿದ್ದೆ. ಅದೇ ಬೆಂಚಿನಲ್ಲಿ ಜಯಮ್ಮ ಎಂಬ ಹಳ್ಳಿಯ ಮುದುಕಿ, ಒಳಗಿರುವ ಮಗನನ್ನು ನೋಡಲು ಕರೆ ಬರುವುದನ್ನೇ ಕಾಯುತ್ತಿದ್ದರು. ನಮ್ಮಿಬ್ಬರ ನಡುವೆ ಒಂಟಿಕೊಪ್ಪಲಿನ ನಿವೃತ್ತ ಎಂಜಿನಿಯರೊಬ್ಬರು ಪತ್ರಿಕೆ ಓದುತ್ತಿದ್ದರು.

“ಜೈಲುಗಳನ್ನ ಕಂಪನಿಗಳಿಗೆ ಕೊಟ್ಬಿಡ್ಬೇಕು ಕಣ್ರೀ,” ಎಂದು ಅವರು ನನ್ನತ್ತ ತಿರುಗಿದರು. “ಊಟ, ಶುಚಿ ಎಲ್ಲ ಸರಿಹೋಗುತ್ತೆ.”

ನಾನು ಬಾಯಿ ತೆರೆಯುವ ಮೊದಲೇ ಜಯಮ್ಮ ಮಾತಾಡಿದರು.

“ಹೋದ್ ವರ್ಷ ನನ್ ಮಗ ಬೇರೆ ಊರಿನ ಜೈಲಲ್ಲಿದ್ದ ಸ್ವಾಮಿ. ಜ್ವರ ಬಂದು ಮೇಲೇಳಕ್ಕಾಗ್ದಂಗಾದ. ಯಾರೂ ನೋಡ್ನಿಲ್ಲ. ನಾನು ಡಿಸಿ ಆಫೀಸ್ ಬಾಗ್ಲಲ್ಲಿ ಕೂತ್ಬುಟ್ಟೆ. ಸಾಹೇಬ್ರು ಕಾರಿಳಿದು ಕೇಳುದ್ರು, ಅವತ್ತೇ ಆಸ್ಪತ್ರೆಗೆ ಸೇರ್ಸುದ್ರು. ಕಂಪ್ನಿ ಆದ್ರೆ ನಾನು ಯಾರ್ ಬಾಗ್ಲಲ್ಲಿ ಕೂರ್ಲಿ?”

“ಅಲ್ಲೂ ಮೇಲಿನವರು ಅಂತ ಇರ್ತಾರಮ್ಮ.”

“ಯಾವೂರಲ್ಲಿ?”

ಎಂಜಿನಿಯರು ಪತ್ರಿಕೆ ಮಡಚಿದರು. ಅಷ್ಟರಲ್ಲಿ ಗೇಟಿನಿಂದ ಜಯಮ್ಮನ ಹೆಸರು ಕೂಗಿದರು. ಕೈಚೀಲವನ್ನು ಒಳಗೆ ಬಿಡುವುದಿಲ್ಲ. ಎಲ್ಲಿಡುವುದೆಂದು ಆಕೆ ಸುತ್ತ ನೋಡಿದಾಗ ಎಂಜಿನಿಯರೇ ಅದನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡರು. ರೈಲಿಗೆ ಹೊತ್ತಾಗುತ್ತಿದ್ದರೂ ನನಗೆ ಎದ್ದು ಹೋಗಲು ಮನಸ್ಸಾಗಲಿಲ್ಲ.

ಬಿಸಿಲು ಬೆಂಚಿನವರೆಗೆ ಬಂದ ಮೇಲೆ ಜಯಮ್ಮ ಹೊರಬಂದರು. ಕಣ್ಣು ಕೆಂಪಾಗಿತ್ತು.

“ಮಗ ಹೇಗಿದಾನಮ್ಮ?” ಎಂದು ಎಂಜಿನಿಯರು ಮೆಲ್ಲಗೆ ಕೇಳಿದರು.

ಆಕೆ ಚೀಲ ತೆಗೆದುಕೊಂಡು ಹೇಳಿದರು:

“ಈ ಸಲ ಯಾರೂ ಹಿಡ್ಕಳ್ದೆ, ಅವ್ನೇ ನಡ್ಕಂಡ್ ಬಂದ ಕಣಪ್ಪ.”